ಸೆಂಡಾಫ್ ದಿನ ಬೈಬೇಡಿ, ಆಟೋಗ್ರಾಫ್ ಕದ್ದು ಓದಬೇಡಿ

"ಅಮ್ಮಾ, ನಾಡಿದ್ದು ಸೆಂಡಾಫ್. ನಿನ್ನ ಹಸಿರು ಮೈಸೂರ್ ಸಿಲ್ಕ್ ಕೊಡ್ತೀಯಾ?"

ಹತ್ತನೇ ಕ್ಲಾಸಿನ ಮಗಳಿರುವ ಮನೆಯಲ್ಲಿ ಫೆಬ್ರುವರಿ ಹೊತ್ತಿಗೆ ಈ ಬೇಡಿಕೆ ಬಂದೇ ಬರುತ್ತದೆ. ನಮ್ಮ ಉತ್ತರವೂ ನಾಲಿಗೆ ತುದಿಯಲ್ಲೇ ಇರುತ್ತದೆ. "ಪರೀಕ್ಷೆ ತಲೆ ಮೇಲಿದೆ, ನಿಂಗೆ ಸೀರೆ ಚಿಂತೆ!" ಬ್ಲೌಸಿಗೆ ಪಿನ್ ಹಾಕುತ್ತಾ ಹಾಕುತ್ತಾ ಗಣಿತದ ಪ್ರಿಪರೇಟರಿ ಅಂಕವನ್ನೂ ಎತ್ತಿ ಆಡುತ್ತೇವೆ. ಮಗ ಆಗಿದ್ದರೆ ಹೊಸ ಜೀನ್ಸ್, ಗ್ರೂಪ್ ಫೋಟೊ ದುಡ್ಡು ಅಂತ ಜಗಳ. ಅರ್ಧ ದಿನದ ಈ ಸಂಭ್ರಮಕ್ಕೆ ಮಕ್ಕಳು ಯಾಕಿಷ್ಟು ಹಾತೊರೆಯುತ್ತಾರೆ ಅಂತ ಕೂತು ಯೋಚಿಸುವಷ್ಟು ಪುರುಸೊತ್ತು ಯಾರಿಗಿದೆ?

ಊರಿನ ಮಕ್ಕಳಿಗಾದರೋ ಗೆಳತಿ ಅದೇ ಬಡಾವಣೆಯಲ್ಲಿ, ಅದೇ ಟ್ಯೂಷನ್ನಿನಲ್ಲಿ ಮತ್ತೆ ಸಿಗುತ್ತಾಳೆ. ಆದರೆ ಬೆಟ್ಟದ ಮೇಲಿನ ಮಕ್ಕಳ ಕಥೆ ಬೇರೆ.

ಬೆಂಗಳೂರಿನಿಂದ ಮಂಗಳೂರಿಗೆ ಹಗಲು ರೈಲಿನಲ್ಲಿ ಹೋಗಿದ್ದರೆ ಎಡಕುಮೇರಿ ನಿಮಗೂ ನೆನಪಿರಬಹುದು. ಸಕಲೇಶಪುರ ಬಿಟ್ಟು ದೋಣಿಗಲ್, ಕಡಗರವಳ್ಳಿ ದಾಟಿದ ಮೇಲೆ ಕಾಡಿನ ನಡುವೆ ಸಿಗುವ ಪುಟ್ಟ ಸ್ಟೇಷನ್. ಸುಬ್ರಹ್ಮಣ್ಯ ರೋಡ್ ತಲುಪುವವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳು. ಒಂದೊಂದು ಸುರಂಗ ಬಂದಾಗಲೂ ಬೋಗಿಯ ಮಕ್ಕಳೆಲ್ಲ "ಹೋ..." ಅಂತ ಕೂಗಿ, ಎಷ್ಟಾಯ್ತು ಅಂತ ಲೆಕ್ಕ ತಪ್ಪಿ, ಜಗಳಕ್ಕೆ ಬೀಳುತ್ತವೆ. ನಮಗದು ಪ್ರವಾಸ. ಸಕಲೇಶಪುರ, ಆಲೂರು ಕಡೆಯ ಎಷ್ಟೋ ಮಕ್ಕಳಿಗೆ ಅದು ಮನೆ ಬಿಟ್ಟು ಹೋಗುವ ದಾರಿ. ಎಸ್ಸೆಸ್ಸೆಲ್ಸಿ ಮುಗಿದರೆ ಒಬ್ಬಳು ಘಟ್ಟ ಇಳಿದು ಪುತ್ತೂರು, ಮೂಡುಬಿದಿರೆ, ಮಂಗಳೂರಿನ ಹಾಸ್ಟೆಲ್ಲಿಗೆ, ಇನ್ನೊಬ್ಬಳು ಹಾಸನಕ್ಕೆ, ಮತ್ತೊಬ್ಬ ಬೆಂಗಳೂರಿನ ಚಿಕ್ಕಮ್ಮನ ಮನೆಗೆ. ಹದಿನೈದು, ಹದಿನಾರಕ್ಕೇ ಟ್ರಂಕು ಕಟ್ಟುವ ಮಕ್ಕಳಿವು.

1979ರಲ್ಲಿ ಶುರುವಾದ ಈ ಹಳಿಯಲ್ಲಿ ಗೇಜ್ ಬದಲಾವಣೆಗೆಂದು 1996ರಲ್ಲಿ ನಿಂತ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ನಡುವಿನ ವರ್ಷಗಳಲ್ಲಿ ಹಾಸ್ಟೆಲ್ ಸೇರಿದವರಿಗೆ ಶಿರಾಡಿ ಘಾಟಿಯ ಬಸ್ಸೇ ಗತಿ, ಜೊತೆಗೆ ವಾಂತಿಗೊಂದು ಪ್ಲಾಸ್ಟಿಕ್ ಕವರ್! 2024ರ ಜುಲೈನಲ್ಲಿ ಎಡಕುಮೇರಿ, ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಎಷ್ಟೋ ದಿನ ರೈಲು ನಿಂತಿತ್ತು. ಮಗು ಘಟ್ಟದ ಕೆಳಗೆ, ಅಮ್ಮ ಮೇಲೆ. ಮಧ್ಯೆ ಬಿಡದ ಮಳೆ.

ಸರ್, ದಾರೀಲಿ ಆನೆ ಇತ್ತು!

ಆ ಸೀಮೆಯ ನನ್ನ ಗೆಳತಿಯೊಬ್ಬಳು ಶಾಲೆಯ ನೆನಪು ತೆಗೆದರೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗಬೇಕು. ನಾವು ತಡವಾಗಿ ಹೋದರೆ ಬಸ್ಸು ಕೆಟ್ಟಿತ್ತು ಅಂತ ಸುಳ್ಳು ಹೇಳುತ್ತಿದ್ದೆವು. ಅವರ ನೆಪ, "ದಾರೀಲಿ ಆನೆ ಇತ್ತು ಸರ್". ಮೇಷ್ಟ್ರು ನಂಬುವ ಹಾಗೂ ಇಲ್ಲ, ನಂಬದೆ ಇರುವ ಹಾಗೂ ಇಲ್ಲ. ಯಾಕೆಂದರೆ ನಿಜಕ್ಕೂ ಇರುತ್ತಿತ್ತು. (ಈಗಲೂ ಆ ಎರಡು ತಾಲ್ಲೂಕುಗಳಲ್ಲಿ ಆನೆ ಹೆದರಿಕೆ ತಮಾಷೆಯದ್ದಲ್ಲ. ಬೆಳಿಗ್ಗೆ ಮಗುವನ್ನು ಬಸ್‌ಸ್ಟಾಪಿನವರೆಗೆ ಬಿಟ್ಟು ಬರುವುದೇ ಒಂದು ಕೆಲಸ.) ಮಳೆಗಾಲದಲ್ಲಿ ಸಾಕ್ಸ್ ಬಿಚ್ಚಿ ಇಂಬಳ ಎಣಿಸಿ ಯಾರ ಕಾಲಿಗೆ ಹೆಚ್ಚು ಅಂತ ಪಂದ್ಯ. ಜಿಲ್ಲಾಧಿಕಾರಿ ಮಳೆ ರಜೆ ಕೊಟ್ಟರೆ ಕುಣಿತ, ಅದೇ ರಜೆಗೆ ಬದಲು ಕ್ಲಾಸು ಇಟ್ಟಾಗ ಶಾಪ. ಇನ್ನು ಮೇಷ್ಟ್ರುಗಳ ಅಡ್ಡಹೆಸರುಗಳನ್ನು ಈ ಪುಟದಲ್ಲಿ ಬರೆಯುವ ಹಾಗಿಲ್ಲ ಬಿಡಿ.

ಸೆಂಡಾಫ್ ದಿನ ಮಕ್ಕಳು ಅಳೋದು ಇಂಥವಕ್ಕೇ. ಇಷ್ಟು ವರ್ಷ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತವರು ಜೂನ್ ಬಂದರೆ ಒಟ್ಟಿಗೆ ಇರುವುದಿಲ್ಲ ಅನ್ನೋದು ಅವರಿಗೆ ಗೊತ್ತು. ದೊಡ್ಡವರ ಬದುಕಿನಲ್ಲಿ ಇಂಥದ್ದು ನಡೆದರೆ ನಾವು ನಾಲ್ಕು ದಿನ ಮೌನವಾಗಿರುತ್ತೇವೆ. ಮಕ್ಕಳಿಗೆ ಮಾತ್ರ "ಹೋಗು, ಓದ್ಕೋ" ಅಂತೀವಿ. ಅವತ್ತೊಂದು ಸಂಜೆ ಪುಸ್ತಕದ ಮಾತು ಬೇಡ. ಬಜ್ಜಿ ಕರಿದುಕೊಟ್ಟು, ಯಾರು ಅತ್ತರು, ಯಾರು ಹಾಡಿದರು ಅಂತ ಕೇಳಿ. ಹೇಳದೆ ರೂಮಿಗೆ ಹೋಗಿ ಮಲಗಿದರೆ ಬಿಟ್ಟುಬಿಡಿ, ಮಾರನೇ ದಿನ ತಾನೇ ಬಾಯಿ ಬಿಡುತ್ತಾಳೆ.

ಆ ಪುಸ್ತಕ ನಿಮ್ಮದಲ್ಲ

ಸ್ಲ್ಯಾಮ್ ಬುಕ್, ಆಟೋಗ್ರಾಫ್ ಈಗ ಅರ್ಧ ವಾಟ್ಸಾಪ್ ಪಾಲಾಗಿದ್ದರೂ ಪೂರ್ತಿ ಹೋಗಿಲ್ಲ. ಬಣ್ಣದ ಹಾಳೆ, ಮಿಂಚುವ ಪೆನ್ನು, ಕೊನೇ ಪುಟವೇ ಬೇಕು ಅನ್ನುವ ಹಟ, ಎಲ್ಲ ಹಾಗೇ ಇದೆ. ಮಗಳು ನಿದ್ದೆ ಹೋದ ಮೇಲೆ ಅದನ್ನು ತೆಗೆದು ಓದುವ ಅಮ್ಮಂದಿರು ಬಹಳ. ಯಾವ ಹುಡುಗ ಏನು ಬರೆದಿದ್ದಾನೋ ಅನ್ನುವ ಆತಂಕ. ದಯವಿಟ್ಟು ಬೇಡ. ಪುಸ್ತಕದಲ್ಲಿ ಬಹುಪಾಲು ಇರೋದು ಕ್ಯಾಂಟೀನು ಸಮೋಸ, ಬಾಕಿ ಹತ್ತು ರೂಪಾಯಿ, "ಮದುವೆಗೆ ಕರೀದೇ ಇದ್ರೆ ನೋಡು" ಅನ್ನುವ ಬೆದರಿಕೆ. ಕದ್ದು ಓದಿದ್ದು ಅವಳಿಗೆ ತಿಳಿದರೆ ಮಾತ್ರ ನಾಳೆ ನಿಜವಾಗಿ ತೊಂದರೆಯಾದಾಗಲೂ ನಿಮ್ಮ ಹತ್ತಿರ ಬಾಯಿ ಬಿಡಲಾರಳು.

ಓದಲು ಅವಳೇ ಕೊಟ್ಟರೆ ಒಂದನ್ನು ಗಮನಿಸಿ. "ನಿನ್ನ ಗುರಿ" ಅನ್ನುವ ಕಡೆ ಗೆಳತಿಯರ ಪುಸ್ತಕದಲ್ಲಿ ತಾನು ಏನು ಬರೆದೆ ಅಂತ ಹೇಳುತ್ತಾಳಾ ನೋಡಿ. ಮನೆಯಲ್ಲಿ ಡಾಕ್ಟರು ಅಂದ ಮಗು ಅಲ್ಲಿ ಫೋಟೊಗ್ರಾಫರ್, ಪೊಲೀಸ್, ಬೇಕರಿ ಅಂತ ಬರೆದಿರಬಹುದು. ನಗಬೇಡಿ. ಪಿಯು ಅರ್ಜಿ ತುಂಬುವ ಮುಂಚೆ ಸಿಗುವ ಒಳ್ಳೇ ಸುಳಿವು ಅದು. ಸೈನ್ಸ್ ಬೇಡವೆಂದರೆ ಕಾಮರ್ಸ್, ಆರ್ಟ್ಸ್, ಡಿಪ್ಲೊಮಾ, ಐಟಿಐ ಎಲ್ಲವೂ ದಾರಿಗಳೇ.

ಎಲ್ಲರಿಗೂ ಜೂನ್ ಬರುವುದಿಲ್ಲ

ನನಗೆ ಹೆಚ್ಚು ಕಾಡುವುದು ಇದು. ಗ್ರೂಪ್ ಫೋಟೊದಲ್ಲಿ ತೋಟದ ಮಾಲೀಕರ ಮಗಳ ಪಕ್ಕದಲ್ಲೇ ಲೈನ್ ಮನೆಯ ಹುಡುಗಿಯೂ ನಿಂತಿರುತ್ತಾಳೆ. ಪರೀಕ್ಷೆ ಹತ್ತಿರವಾದಾಗಲೇ ರೊಬಸ್ಟಾ ಕೊಯ್ಲು, ಅಮ್ಮನಿಗೆ ಕೈಜೋಡಿಸಿ ಬಂದು ರಾತ್ರಿ ಓದಿದವಳು. ಅವಳ ಪಾಲಿಗೆ ಸೆಂಡಾಫ್ ಅಂದರೆ ಶಾಲೆಗೇ ಸೆಂಡಾಫ್ ಆಗಿಬಿಡುವ ಭಯವಿದೆ. ಒಂದೋ ಕೂಲಿ, ಇಲ್ಲಾ ಮದುವೆ. ಬೆಂಗಳೂರು, ಹಾಸನದ ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗಳ ಸ್ಥಿತಿಯೂ ಬೇರೆಯಲ್ಲ. ಮುಂದೇನು ಅಂತ ಅವಳನ್ನೂ ಕೇಳಿ.

ಫೇಲಾದಳು ಅಂತ ಬಿಡಿಸುವ ಕಾರಣವಿಲ್ಲ. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಅವುಗಳಲ್ಲಿ ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದು. ಕಾಲೇಜು ದೂರ ಅನ್ನುವವರಿಗೆ, 2023ರ ಜೂನ್‌ನಿಂದ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರ ಬೇಕು, ಫಲಿತಾಂಶ ಬಂದ ಮೇಲೆ ನಾಡಕಚೇರಿಗೆ ಓಡುವ ಬದಲು ಈಗಲೇ ಮಾಡಿಸಿಡಲು ಹೇಳಿ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಗೊತ್ತಾಗಿದೆ ಅಂತ ಕಿವಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ ಅದು, ಕರೆಗೆ ದುಡ್ಡಿಲ್ಲ.

ಇನ್ನು ನಿಮ್ಮ ಮಗುವೇ ಹಾಸ್ಟೆಲ್ಲಿಗೆ ಹೊರಟಿದ್ದರೆ, ಈ ರಜೆಯಲ್ಲಿ ಬಟ್ಟೆ ಒಗೆಯುವುದು, ಗುಂಡಿ ಹೊಲಿಯುವುದು, ಒಂದು ಅನ್ನ ಸಾರು ಕಲಿಸಿ, ಗಂಡುಮಗನಿಗೂ! ಟ್ರಂಕಿನಲ್ಲಿ ಚಟ್ನಿಪುಡಿ ಡಬ್ಬಿಯ ಪಕ್ಕ ಆ ಆಟೋಗ್ರಾಫ್ ಪುಸ್ತಕಕ್ಕೂ ಜಾಗ ಬಿಡಿ. ಮೊದಲ ತಿಂಗಳು ರಾತ್ರಿ ಹೊತ್ತು ಅವರು ತೆಗೆದು ನೋಡುವುದು ಅದನ್ನೇ. ಎಣ್ಣೆ ಸೋರದ ಹಾಗೆ ಎರಡು ಕವರ್ ಸುತ್ತಿ ಇಡಿ.