ಮುತ್ತಜ್ಜಿಯ ಹೆಸರೇನು?

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರ ಸಿಗುತ್ತದೆ. ಅಲ್ಲಿ ವಿಜಯನಗರ ಕಾಲದ ಗೋರಿಗಳಿವೆ. ಆ ರಾಜ್ಯದ ಸೇನೆಯಲ್ಲಿ ಮುಸಲ್ಮಾನ ಯೋಧರೂ ಇದ್ದರೆಂಬುದನ್ನು ಅವು ನೆನಪಿಸುತ್ತವೆ. ಕಲ್ಲಿನ ಕಟ್ಟಡ ಶತಮಾನಗಳ ಕಾಲ ನಿಲ್ಲುತ್ತದೆ. ಬರೆದಿಡದ ಹೆಸರು ಮೂರು ತಲೆಮಾರು ಉಳಿಯುವುದೂ ಕಷ್ಟ. ಪರೀಕ್ಷಿಸಿ ನೋಡಿ: ನಿಮ್ಮ ಅಜ್ಜಿಯ ತಾಯಿಯ ಹೆಸರು ನಿಮಗೆ ಗೊತ್ತೆ?

ವಂಶದ ಚರಿತ್ರೆ ಹುಡುಕುವುದೂ ವಿಜ್ಞಾನದಂತೆಯೇ ಶಿಸ್ತಿನ ಕೆಲಸ. ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ ಸಾಗಬೇಕು. ಮೊದಲು ನೀವು, ಅನಂತರ ತಂದೆತಾಯಿ, ಬಳಿಕ ಅಜ್ಜ-ಅಜ್ಜಿಯರು. ಹಿರಿಯರನ್ನು ಹುಟ್ಟಿದ ಇಸವಿ ಕೇಳಿದರೆ ಉತ್ತರ ಸಿಗದಿರಬಹುದು. “ಅಜ್ಜೀ, ಡ್ಯಾಮು ಕಟ್ಟುವಾಗ ನೀವು ಎಷ್ಟು ದೊಡ್ಡವರಿದ್ರಿ?” ಎಂದು ಕೇಳಿ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. ಉತ್ತರದಿಂದ ವಯಸ್ಸನ್ನು ಅಂದಾಜು ಮಾಡಬಹುದು. ಮೂಲ ಊರು ಯಾವುದೆಂದೂ ಕೇಳಿ; ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಹಳ್ಳಿಗಳಿಂದ ಎದ್ದುಬಂದ ಮನೆತನಗಳು ಅನೇಕ.

ಉತ್ತರ ಕರ್ನಾಟಕದಲ್ಲಿ ಈ ವಿದ್ಯೆಯನ್ನೇ ವೃತ್ತಿಯಾಗಿಸಿಕೊಂಡವರು ಹೆಳವರು. ಸುಗ್ಗಿಯ ನಂತರ ತಮ್ಮ ಪಾಲಿನ ಒಕ್ಕಲು ಮನೆಗಳಿಗೆ ಬಂದು, ವಂಶಾವಳಿಯನ್ನು ಓದಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ದವಸಧಾನ್ಯ ಪಡೆದು ಹೋಗುತ್ತಾರೆ. ನಿಮ್ಮ ಮನೆತನಕ್ಕೆ ಹೆಳವರುಂಟೆ ಎಂದು ವಿಚಾರಿಸಿ.

ಇನ್ನು ದಾಖಲೆಗಳು. ಜಮೀನಿನ ಪಹಣಿ ಮತ್ತು ಮ್ಯುಟೇಷನ್ ಪುಸ್ತಕದಲ್ಲಿ ಹೊಲ ಯಾರಿಂದ ಯಾರಿಗೆ ಬಂತೆಂಬುದು ತಿಳಿಯುತ್ತದೆ. ಜನನ-ಮರಣ ನೋಂದಣಿಗೆ 1969ರ ಕಾಯಿದೆ ಇದೆ. ಶಾಲೆಯ ದಾಖಲಾತಿ ಪುಸ್ತಕವೂ ಉಪಯುಕ್ತ. ಆದರೆ ಅದರಲ್ಲಿ ಜೂನ್ 1 ಎಂಬ ಜನ್ಮದಿನ ಕಂಡರೆ ಎಚ್ಚರವಿರಲಿ. ಎಷ್ಟೋ ಮಕ್ಕಳಿಗೆ ಆ ತಾರೀಖನ್ನು ಶಾಲೆಯಲ್ಲೇ ಬರೆದದ್ದುಂಟು. ಹೊಸಪೇಟೆ ಸೀಮೆ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ ಹಳೆಯ ಕಂದಾಯ ಕಡತಗಳನ್ನು ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲೂ ಹುಡುಕಬೇಕಾಗುತ್ತದೆ. ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಊರೂರಿನ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ.

ಒಂದೇ ಮೂಲದಿಂದ ಬಂದ ಮಾತು ಬರಿಯ ಹೇಳಿಕೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲಗಳು ಒಂದೇ ಮಾತು ಹೇಳಿದರೆ ನಂಬಿಕೆಗೆ ಬಲ ಬರುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಇಬ್ಬರೂ ಒಬ್ಬರಾಗಿಬಿಡುವ ಅಪಾಯವಿದೆ. ಆದ್ದರಿಂದ ಪ್ರತಿ ಹೆಸರಿನ ಮುಂದೆ ಯಾರು, ಯಾವಾಗ ಹೇಳಿದರೆಂದು ಬರೆಯಿರಿ.

ಒಂದು ಲೆಕ್ಕ: ತಂದೆತಾಯಿ 2, ಅಜ್ಜ-ಅಜ್ಜಿಯರು 4. ಹೀಗೆ ಇಮ್ಮಡಿಸುತ್ತ ಹೋದರೆ ಹತ್ತನೆಯ ತಲೆಮಾರಿನಲ್ಲಿ 1024 ಸ್ಥಾನಗಳು. ಸೋದರಿಕೆಯ ಮದುವೆಗಳಿದ್ದಲ್ಲಿ ಒಬ್ಬರೇ ಎರಡು ಕಡೆ ಬರುವುದರಿಂದ ನಿಜವಾದ ಸಂಖ್ಯೆ ಕಡಿಮೆ. ಆ ಸ್ಥಾನಗಳಲ್ಲಿ ಅರ್ಧ ಹೆಂಗಸರವು. ಆದರೆ ಮನೆಗಳಲ್ಲಿರುವ ವಂಶವೃಕ್ಷಗಳಲ್ಲಿ ಹೆಚ್ಚಾಗಿ ಕಾಣುವುದು ಗಂಡಸರ ಹೆಸರೇ.

ಇದು ಬರಿಯ ನೆನಪಿನ ಪ್ರಶ್ನೆಯಲ್ಲ. ತಂದೆ ತೀರಿಕೊಂಡಾಗ ಖಾತೆ ಬದಲಾವಣೆಗೆ ಕಂದಾಯ ಇಲಾಖೆಗೆ ವಂಶವೃಕ್ಷ ಬೇಕಾಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ವೃಕ್ಷದಲ್ಲಿ ಹೆಸರು ಬಿಟ್ಟರೆ ಆಕೆಯ ಪಾಲೂ ಕೈತಪ್ಪಬಹುದು. ನೀವು ಬರೆಯುವ ವಂಶವೃಕ್ಷದಲ್ಲಿ ಅಕ್ಕತಂಗಿಯರು, ಸೋದರತ್ತೆಯರು, ಮುತ್ತಜ್ಜಿಯರು ಎಲ್ಲರೂ ಇರಲಿ. ಹೆಸರು ಬಲ್ಲವರು ಮನೆಯಲ್ಲಿರುವಾಗಲೇ ನೋಟ್‌ಬುಕ್ ತೆರೆಯಿರಿ.