ಹೈದರಾಬಾದ್‌ನಿಂದ ಸಿಯಾಟಲ್‌ಗೆ ಹೋದ ಕ್ರಿಕೆಟ್ ಪ್ರೇಮಿಗಳಿಗೆ ಅಮೆರಿಕನ್ ಫುಟ್ಬಾಲ್ ಹುಚ್ಚು ಹಿಡಿಯುವುದೇಕೆ?

ಹೈದರಾಬಾದ್‌ನ ಗಲ್ಲಿಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವರು ಅಮೆರಿಕದ ಸಿಯಾಟಲ್‌ಗೆ ಕೆಲಸಕ್ಕೆ ಹೋಗುತ್ತಾರೆ. ಹೋದ ಹೊಸದರಲ್ಲಿ ಅಲ್ಲಿನ ಫುಟ್ಬಾಲ್ ಅವರಿಗೆ ಹೆಲ್ಮೆಟ್ ಹಾಕಿಕೊಂಡವರ ತಳ್ಳಾಟದಂತೆ ಕಾಣುತ್ತದೆ. ಕೆಲವು ವರ್ಷ ಕಳೆಯಲಿ, ಅವರಲ್ಲೇ ಎಷ್ಟೋ ಮಂದಿ 'ಸಿಯಾಟಲ್ ಸೀಹಾಕ್ಸ್' ಜೆರ್ಸಿ ತೊಟ್ಟು ಟಿವಿ ಮುಂದೆ ಕೂಗಾಡುತ್ತಿರುತ್ತಾರೆ. ಇದು ಹೇಗೆ?

ಮೊದಲು ಎರಡು ಊರುಗಳ ನಂಟು ನೋಡಿ. ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿರುವ ಮೈಕ್ರೋಸಾಫ್ಟ್, 1998ರಲ್ಲೇ ಹೈದರಾಬಾದ್‌ನಲ್ಲಿ ಅಭಿವೃದ್ಧಿ ಕೇಂದ್ರ ತೆರೆಯಿತು. ಸಿಯಾಟಲ್‌ನದ್ದೇ ಆದ ಅಮೆಜಾನ್ 2019ರಲ್ಲಿ ಇಲ್ಲಿ ಬೃಹತ್ ಕ್ಯಾಂಪಸ್ ಉದ್ಘಾಟಿಸಿತು. ಹೀಗಾಗಿ ಈ ದಾರಿಯಲ್ಲಿ ಓಡಾಟ ಸದಾ ಇದ್ದೇ ಇದೆ.

ಈ ದಾರಿಯಲ್ಲಿ ಹೋದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಸತ್ಯ ನಾಡೆಲ್ಲ. ಹೈದರಾಬಾದ್‌ನಲ್ಲಿ ಹುಟ್ಟಿ, ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಶಾಲೆಯಲ್ಲಿ ಕ್ರಿಕೆಟ್ ಆಡಿ, ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದವರು. 1992ರಲ್ಲಿ ಮೈಕ್ರೋಸಾಫ್ಟ್ ಸೇರಿದರು. 2014ರ ಫೆಬ್ರವರಿ 2ರಂದು ಸೀಹಾಕ್ಸ್ 43-8ರಿಂದ ಡೆನ್ವರ್ ತಂಡವನ್ನು ಬಗ್ಗುಬಡಿದು ತನ್ನ ಮೊದಲ ಸೂಪರ್ ಬೌಲ್ ಗೆದ್ದಿತು. ಎರಡೇ ದಿನಕ್ಕೆ ನಾಡೆಲ್ಲ ಸಿಇಒ ಆದರು. ಆಗ ತಂಡದ ಮಾಲೀಕರಾಗಿದ್ದವರು ಮೈಕ್ರೋಸಾಫ್ಟ್ ಸಹ ಸಂಸ್ಥಾಪಕ ಪಾಲ್ ಅಲೆನ್! ಸೀಹಾಕ್ಸ್ ಆಟಗಾರರ ಮನಸ್ಸು ಗಟ್ಟಿ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ ಮೈಕೆಲ್ ಜೆರ್ವೇ ಅವರನ್ನು ನಾಡೆಲ್ಲ ತಮ್ಮ ಹಿರಿಯ ಸಹೋದ್ಯೋಗಿಗಳ ಜೊತೆ ಮಾತುಕತೆಗೂ ಕರೆಸಿದ್ದರು. ಕಚೇರಿಯೊಳಗೇ ತಂಡ ಬಂದು ಕೂತರೆ ಹೊಸದಾಗಿ ಹೋದವರು ಎಷ್ಟು ದಿನ ದೂರ ಉಳಿದಾರು?

ಅಷ್ಟೇ ಅಲ್ಲ, ಸೀಸನ್ ವೇಳೆ ಶುಕ್ರವಾರ ಬಂದರೆ ಸಿಯಾಟಲ್ ಜನ ತಂಡದ ಬಣ್ಣದ ಬಟ್ಟೆ ತೊಡುತ್ತಾರೆ. ಅದಕ್ಕೆ 'ಬ್ಲೂ ಫ್ರೈಡೇ' ಎಂದೇ ಹೆಸರು. ಸೋಮವಾರ ಕಾಫಿ ಮೆಷಿನ್ ಮುಂದೆ ಭಾನುವಾರದ ಮ್ಯಾಚಿನದ್ದೇ ಮಾತು. ಆಟ ಗೊತ್ತಿಲ್ಲದವರು ಸುಮ್ಮನೆ ನಗುತ್ತಾ ನಿಲ್ಲಬೇಕು. ವಲಸೆ ಹೋದವರನ್ನು ಆಟದ ಕಡೆ ಮೊದಲು ತಳ್ಳುವುದು ಈ ಮುಜುಗರವೇ ಇರಬೇಕು.

ಕ್ರಿಕೆಟ್ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ

ನೋಡುವುದಕ್ಕೆ ರಗ್ಬಿಯಂತಿದ್ದರೂ ಈ ಆಟದ ಲೆಕ್ಕಾಚಾರ ಕ್ರಿಕೆಟ್‌ಗೆ ಹತ್ತಿರ. ಎರಡೂ ಕಡೆ 11 ಮಂದಿ. ಓವರ್‌ಗೆ 6 ಎಸೆತ ಇರುವಂತೆ ಇಲ್ಲಿ 10 ಗಜ ಮುಂದೆ ಸಾಗಲು 4 ಅವಕಾಶ, ಅದನ್ನು 'ಡೌನ್' ಎನ್ನುತ್ತಾರೆ. 10 ಗಜ ದಾಟಿದರೆ ಮತ್ತೆ 4 ಡೌನ್, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಪ್ರತಿ ಡೌನ್ ನಂತರ ಆಟ ನಿಲ್ಲುತ್ತದೆ, ಆಟಗಾರರ ಜಾಗ ಬದಲಾಗುತ್ತದೆ, ಮುಂದೇನು ಎಂಬ ಚರ್ಚೆ ಶುರುವಾಗುತ್ತದೆ. ಎಸೆತದ ನಡುವೆ ಫೀಲ್ಡಿಂಗ್ ಬಗ್ಗೆ ಸಲಹೆ ಕೊಡುತ್ತಾ ಬೆಳೆದವರಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ನಿಯಮ ಗೊತ್ತಾದ ಮಾತ್ರಕ್ಕೆ ಯಾರೂ ಅಭಿಮಾನಿ ಆಗುವುದಿಲ್ಲ. 2011ರಲ್ಲಿ ಭಾರತಕ್ಕೇ ಈ ಆಟ ತರಲು ಎಲೈಟ್ ಫುಟ್ಬಾಲ್ ಲೀಗ್ ಹುಟ್ಟಿಕೊಂಡಿತ್ತು. 'ಹೈದರಾಬಾದ್ ಸ್ಕೈಕಿಂಗ್ಸ್', 'ಬೆಂಗಳೂರು ವಾರ್‌ಹಾಕ್ಸ್' ಎಂಬ ತಂಡಗಳೂ ಇದ್ದವು. ಇವತ್ತು ಆ ಹೆಸರು ನೆನಪಿರುವವರು ಅಪರೂಪ. ಆಟ ಇಲ್ಲಿಗೆ ಬಂದಾಗ ಹತ್ತದ ಹುಚ್ಚು ಅಲ್ಲಿಗೆ ಹೋದಾಗ ಹತ್ತುತ್ತದೆ ಎಂದರೆ, ಜನ ಒಪ್ಪಿಕೊಳ್ಳುವುದು ಆಟವನ್ನಲ್ಲ, ಊರನ್ನು. ಬೇರೆ ರಾಜ್ಯಗಳಿಂದ ಬೆಂಗಳೂರಿಗೆ ಬಂದವರು 'ಈ ಸಲ ಕಪ್ ನಮ್ದೇ' ಎನ್ನುವುದನ್ನು ಕಲಿತದ್ದೂ ಹೀಗೆಯೇ ಅಲ್ಲವೇ?

ಆರ್‌ಸಿಬಿ ತನ್ನ ಅಭಿಮಾನಿಗಳನ್ನು 'ಟ್ವೆಲ್ತ್ ಮ್ಯಾನ್ ಆರ್ಮಿ' ಎನ್ನುತ್ತದೆ. ಸೀಹಾಕ್ಸ್ 1984ರಲ್ಲೇ 12ನೇ ನಂಬರ್ ಜೆರ್ಸಿಯನ್ನು ಅಭಿಮಾನಿಗಳಿಗೆ ಬಿಟ್ಟುಕೊಟ್ಟಿದೆ, ಯಾವ ಆಟಗಾರನಿಗೂ ಅದು ಸಿಗುವುದಿಲ್ಲ. 2013ರ ಡಿಸೆಂಬರ್ 2ರಂದು ಇದೇ 'ಟ್ವೆಲ್ವ್ಸ್' ಕೂಗು 137.6 ಡೆಸಿಬಲ್ ಮುಟ್ಟಿ ಗಿನ್ನೆಸ್ ದಾಖಲೆಯಾಯಿತು. ಆ ಕೂಗಿನಲ್ಲಿ ಯಾರ ಉಚ್ಚಾರಣೆ ಹೇಗಿದೆ ಎಂದು ಯಾರೂ ಕೇಳುವುದಿಲ್ಲ.

ಕೆನಡಾದ ನವ್ ಭಾಟಿಯಾ ಕಥೆಯಲ್ಲಿ ಇದು ಇನ್ನೂ ಸ್ಪಷ್ಟ. ಆಟ ಬೇರೆ, ಬ್ಯಾಸ್ಕೆಟ್‌ಬಾಲ್. 1984ರಲ್ಲಿ ಭಾರತ ಬಿಟ್ಟು ಹೋದ ಈ ಸಿಖ್ ಎಂಜಿನಿಯರ್ ಅಲ್ಲಿ ಕಾರು ಮಾರುವ ಕೆಲಸಕ್ಕೆ ಸೇರಿದರು. ಪೇಟ ಕಂಡು ಟ್ಯಾಕ್ಸಿ ಚಾಲಕ ಎಂದುಕೊಂಡವರಿದ್ದರು. ಅವರು ಟೊರಾಂಟೊ ರ‍್ಯಾಪ್ಟರ್ಸ್ ಪಂದ್ಯಗಳಿಗೆ ತಮ್ಮ ಖರ್ಚಿನಲ್ಲಿ ಸಾವಿರಾರು ಮಕ್ಕಳನ್ನು ಕರೆದೊಯ್ದರು. 2019ರಲ್ಲಿ ತಂಡ ಚಾಂಪಿಯನ್ ಆದಾಗ ಆಟಗಾರರಿಗೆ ಕೊಡುವ ಉಂಗುರ ಅವರ ಬೆರಳಿಗೂ ಬಂತು.

ಗೆದ್ದಾಗ ಎಲ್ಲರೂ ಅಭಿಮಾನಿಗಳೇ ಬಿಡಿ. 2015ರ ಸೂಪರ್ ಬೌಲ್‌ನಲ್ಲಿ 28-24ರಿಂದ ಹಿಂದಿದ್ದ ಸೀಹಾಕ್ಸ್‌ಗೆ ಗೆಲುವು ಒಂದೇ ಗಜ ದೂರದಲ್ಲಿತ್ತು. ಅರ್ಧ ನಿಮಿಷವೂ ಉಳಿದಿರಲಿಲ್ಲ. ಚೆಂಡನ್ನು ಹಿಡಿದು ನುಗ್ಗುವ ಬದಲು ಪಾಸ್ ಎಸೆದರು, ನ್ಯೂ ಇಂಗ್ಲೆಂಡ್‌ನ ಮಾಲ್ಕಮ್ ಬಟ್ಲರ್ ಅದನ್ನು ಕಸಿದುಕೊಂಡರು. 'ಯಾಕೆ ಪಾಸ್ ಮಾಡಿದ್ರು?' ಎಂದು ಇವತ್ತಿಗೂ ಸಂಕಟ ಪಡುವವರು ಸಿಯಾಟಲ್‌ನವರೇ ಆಗಿಬಿಟ್ಟರು ಎಂದು ತಿಳಿಯಬಹುದು.

ಹೈದರಾಬಾದ್‌ಗೆ ಮರಳಿದವರಿಗೆ ಮಾತ್ರ ಒಂದು ಕಷ್ಟ ಇದೆ. ಸಿಯಾಟಲ್‌ನಲ್ಲಿ ಭಾನುವಾರ ಮಧ್ಯಾಹ್ನ 1 ಗಂಟೆ ಸುಮಾರಿಗೆ ಶುರುವಾಗುವ ಮ್ಯಾಚ್ ಇಲ್ಲಿ ಸೋಮವಾರ ನಸುಕಿನ 1.30 ಅಥವಾ 2.30ಕ್ಕೆ ಬರುತ್ತದೆ. ನವೆಂಬರ್‌ನಲ್ಲಿ ಅಮೆರಿಕದ ಗಡಿಯಾರ ಬದಲಾದ ಮೇಲೆ ಒಂದು ಗಂಟೆ ತಡ. ಸೂಪರ್ ಬೌಲ್ ಪರವಾಗಿಲ್ಲ, ಬೆಳಗ್ಗೆ 5ರ ಹೊತ್ತಿಗೆ. ಮುಗಿಸಿಕೊಂಡು ಆಫೀಸ್‌ಗೆ ಹೋಗಬಹುದು, ತಂಡ ಗೆದ್ದಿದ್ದರೆ.