ಸ್ಕ್ರ್ಯಾಚ್‌ನಲ್ಲಿ ಕೌಂಟ್‌ಡೌನ್ ಟೈಮರ್: ಎಣಿಸಬೇಕೋ, ಗಡಿಯಾರ ನೋಡಬೇಕೋ?

ಶಾಲೆಯ ರಸಪ್ರಶ್ನೆಯಲ್ಲಿ ಒಂದು ಪ್ರಶ್ನೆಗೆ 30 ಸೆಕೆಂಡು ಕೊಡುತ್ತಾರೆ. ಪರದೆಯ ಮೇಲೆ 30, 29, 28 ಎಂದು ಅಂಕಿ ಇಳಿಯುತ್ತದೆ, ಸೊನ್ನೆಗೆ ಬಂದಾಗ ಗಂಟೆ ಹೊಡೆಯುತ್ತದೆ. ಇದೇ ಕೌಂಟ್‌ಡೌನ್ ಟೈಮರ್. ಇದನ್ನು ನಿಮ್ಮ ಮನೆಯ ಐದನೇ ತರಗತಿಯ ಮಗುವೂ ಒಂದು ಸಂಜೆಯಲ್ಲಿ ಮಾಡಬಹುದು. ಅದಕ್ಕೆ ಬೇಕಾದದ್ದು ಸ್ಕ್ರ್ಯಾಚ್.

ಸ್ಕ್ರ್ಯಾಚ್ ಎಂದರೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಮಕ್ಕಳಿಗಾಗಿ ರೂಪಿಸಿದ ಪ್ರೋಗ್ರಾಮಿಂಗ್ ಭಾಷೆ. 2007ರಲ್ಲಿ ಎಲ್ಲರ ಬಳಕೆಗೆ ಬಂತು. ಈಗ ಬಳಕೆಯಲ್ಲಿರುವ ಮೂರನೇ ಆವೃತ್ತಿ ಬಂದದ್ದು 2019ರಲ್ಲಿ. ಇದರಲ್ಲಿ ಆಜ್ಞೆಗಳನ್ನು ಟೈಪ್ ಮಾಡುವ ಕೆಲಸವಿಲ್ಲ. ಪ್ರತಿಯೊಂದು ಆಜ್ಞೆಯೂ ಒಂದು ಬಣ್ಣದ ಬ್ಲಾಕ್. ಎಡಗಡೆಯ ಪಟ್ಟಿಯಿಂದ ಅದನ್ನು ಎಳೆದು ತಂದು, ಒಂದರ ಕೆಳಗೊಂದು ಕಚ್ಚಿಸಿದರೆ ಪ್ರೋಗ್ರಾಂ ಸಿದ್ಧ.

ಮೊದಲು ವೇರಿಯಬಲ್ ಮಾಡಿಕೊಳ್ಳಿ. ವೇರಿಯಬಲ್ ಎಂದರೆ ಬೆಲೆ ಬದಲಾಗುತ್ತಾ ಹೋಗುವ, ಹೆಸರಿಟ್ಟ ಅಂಕಿ. ಗಣಿತದ ಪಾಠದ ಚರಾಕ್ಷರ. ಕಿತ್ತಳೆ ಬಣ್ಣದ ‘ವೇರಿಯಬಲ್ಸ್’ ವಿಭಾಗದಲ್ಲಿ ‘ಮೇಕ್ ಎ ವೇರಿಯಬಲ್’ ಒತ್ತಿ. ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ‘ಉಳಿದ ಸಮಯ’ ಎಂದಿಡಿ. ಪರದೆಯ ಮೂಲೆಯಲ್ಲಿ ಅದರ ಚಿಕ್ಕ ಪಟ್ಟಿ ಕಾಣಿಸುತ್ತದೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅಂಕಿ ದೊಡ್ಡದಾಗುತ್ತದೆ.

ಈಗ ಜೋಡಣೆ. ಎಲ್ಲಕ್ಕಿಂತ ಮೇಲೆ ಹಸಿರು ಬಾವುಟದ ಬ್ಲಾಕ್ ಇಡಿ; ಬಾವುಟ ಒತ್ತಿದಾಗ ಕೆಲಸ ಶುರು ಎಂದು ಅದರ ಅರ್ಥ. ಅದರ ಕೆಳಗೆ ‘ಸೆಟ್’ ಬ್ಲಾಕ್‌ನಿಂದ ‘ಉಳಿದ ಸಮಯ’ಕ್ಕೆ 30 ಕೊಡಿ. ಆಮೇಲೆ ‘ರಿಪೀಟ್ ಅಂಟಿಲ್’ ಬ್ಲಾಕ್, ಅಂದರೆ ಹೇಳಿದ ಷರತ್ತು ನಿಜವಾಗುವವರೆಗೆ ಮಾಡಿದ್ದನ್ನೇ ಮಾಡು. ಷರತ್ತು: ಉಳಿದ ಸಮಯ = 0. ಅದರ ಹೊಟ್ಟೆಯೊಳಗೆ ‘ವೆಯ್ಟ್ 1 ಸೆಕೆಂಡ್ಸ್’, ಅದರ ಕೆಳಗೆ ‘ಚೇಂಜ್’ ಬ್ಲಾಕ್‌ನಲ್ಲಿ -1. ಕಳೆಯುವುದಕ್ಕೆ ಬೇರೆ ಬ್ಲಾಕ್ ಎಲ್ಲಿದೆ ಎಂದು ಹುಡುಕಬೇಡಿ. ಋಣ ಸಂಖ್ಯೆಯನ್ನು ಕೂಡಿಸಿದರೆ ಕಳೆದಂತೆಯೇ ಆಯಿತು. ಬಾವುಟ ಒತ್ತಿ, ಅಂಕಿ ಇಳಿಯತೊಡಗುತ್ತದೆ.

ಬಹುತೇಕ ಕಡೆ ಪಾಠ ಇಲ್ಲಿಗೆ ಮುಗಿಯುತ್ತದೆ. ಆದರೆ ಇಲ್ಲಿಗೇ ನಿಲ್ಲಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದರೆ ಈ ಟೈಮರ್ ಸಮಯವನ್ನು ನೋಡುತ್ತಲೇ ಇಲ್ಲ. ಕಣ್ಣು ಮುಚ್ಚಿ ಒಂದು, ಎರಡು ಎಂದು ಎಣಿಸುವವರ ಹಾಗೆ ತಾನು ಸುತ್ತು ಹಾಕಿದ್ದನ್ನಷ್ಟೇ ಎಣಿಸುತ್ತಿದೆ. ಸ್ಕ್ರ್ಯಾಚ್ ತನ್ನ ಪರದೆಯನ್ನು ಸೆಕೆಂಡಿಗೆ 30 ಸಲ ಹೊಸದಾಗಿ ಬರೆಯುತ್ತದೆ. ಒಂದೊಂದು ಸಲಕ್ಕೂ ಫ್ರೇಮ್ ಎನ್ನುತ್ತಾರೆ. ‘ವೆಯ್ಟ್’ ಬ್ಲಾಕ್ ಒಂದು ಸೆಕೆಂಡು ಪೂರ್ತಿ ಕಳೆದ ಮೇಲೆ ಬರುವ ಫ್ರೇಮ್‌ನಲ್ಲಿ ಮುಗಿಯುತ್ತದೆ. ಹೀಗೆ ಪ್ರತಿ ಸುತ್ತಿನಲ್ಲೂ ಸ್ವಲ್ಪ ಸಮಯ ಸೋರುತ್ತದೆ. ಸುತ್ತಿಗೆ ಒಂದೇ ಫ್ರೇಮ್ ಸೋರಿದರೂ 10 ನಿಮಿಷದ ಟೈಮರ್‌ನ 600 ಸುತ್ತಿಗೆ 20 ಸೆಕೆಂಡು ಆಯಿತು. ರಸಪ್ರಶ್ನೆಯ 30 ಸೆಕೆಂಡಿನಲ್ಲಿ ಇದು ಯಾರಿಗೂ ತಿಳಿಯುವುದಿಲ್ಲ. ಮಾದರಿ ಪರೀಕ್ಷೆಗೆ ಒಂದು ಗಂಟೆಯ ಟೈಮರ್ ಇಟ್ಟರೆ ಮಾತ್ರ ತಿಳಿಯುತ್ತದೆ. ಸುತ್ತಿನೊಳಗೆ ‘ಪ್ಲೇ ಸೌಂಡ್ ಅಂಟಿಲ್ ಡನ್’ ಹಾಕಿ ಟಿಕ್ ಟಿಕ್ ಸದ್ದು ಸೇರಿಸಿದರಂತೂ ಆ ಸದ್ದು ಮುಗಿಯುವವರೆಗೂ ಎಣಿಕೆ ಕಾಯುತ್ತದೆ. ಅಲ್ಲಿ ‘ಸ್ಟಾರ್ಟ್ ಸೌಂಡ್’ ಬಳಸಿ, ಅದು ಕಾಯಿಸುವುದಿಲ್ಲ.

ಇದಕ್ಕೆ ಪರಿಹಾರ ಸ್ಕ್ರ್ಯಾಚ್‌ನಲ್ಲೇ ಇದೆ. ತಿಳಿನೀಲಿಯ ‘ಸೆನ್ಸಿಂಗ್’ ವಿಭಾಗದಲ್ಲಿ ‘ಟೈಮರ್’ ಎಂಬ ಚಿಕ್ಕ ಬ್ಲಾಕ್ ಇದೆ. ಇದು ನಿಜವಾದ ಗಡಿಯಾರ. ಸೊನ್ನೆಯಿಂದ ಮೇಲಕ್ಕೆ, ದಶಮಾಂಶ ಸಮೇತ ಸೆಕೆಂಡುಗಳನ್ನು ತೋರಿಸುತ್ತದೆ. ಹೊಸ ಜೋಡಣೆ ಹೀಗಿರಲಿ. ಬಾವುಟದ ಕೆಳಗೆ ‘ರೀಸೆಟ್ ಟೈಮರ್’, ಅಂದರೆ ಗಡಿಯಾರವನ್ನು ಸೊನ್ನೆಗೆ ತರುವ ಬ್ಲಾಕ್. ಅದರ ಕೆಳಗೆ ‘ಉಳಿದ ಸಮಯ’ಕ್ಕೆ ಮೊದಲಿನಂತೆ 30. ‘ರಿಪೀಟ್ ಅಂಟಿಲ್’ ಒಳಗೆ ಒಂದೇ ಸಾಲು: ‘ಉಳಿದ ಸಮಯ’ಕ್ಕೆ 30ರಿಂದ ಟೈಮರ್ ಕಳೆದ ಬೆಲೆ ಕೊಡಿ. ಆ ಕಳೆಯುವ ಬ್ಲಾಕನ್ನು ಹಸಿರು ‘ಆಪರೇಟರ್ಸ್’ನಲ್ಲಿರುವ ‘ಸೀಲಿಂಗ್’ ಒಳಗೆ ಕೂರಿಸಿ. ಸೀಲಿಂಗ್ ಎಂದರೆ ದಶಮಾಂಶವನ್ನು ಮೇಲಿನ ಪೂರ್ಣಾಂಕಕ್ಕೆ ಏರಿಸುವುದು, 12.4 ಇದ್ದರೆ 13 ಆಗುತ್ತದೆ. ‘ಅಬ್ಸ್’ ಎಂದಿರುವ ಬ್ಲಾಕ್‌ನ ಬಾಣ ಒತ್ತಿದರೆ ಸಿಗುತ್ತದೆ. ‘ವೆಯ್ಟ್’ ಬೇಕಾಗಿಯೇ ಇಲ್ಲ.

ಷರತ್ತನ್ನೂ ಬದಲಿಸಬೇಕು. ‘ಉಳಿದ ಸಮಯ = 0’ ತೆಗೆದು ‘ಉಳಿದ ಸಮಯ < 1’ ಹಾಕಿ. ಯಾಕೆ? ನೀವು ಬೇರೆ ಟ್ಯಾಬ್‌ಗೆ ಹೋದಾಗ ಬ್ರೌಸರ್ ಈ ಟ್ಯಾಬ್‌ನ ಕೆಲಸವನ್ನು ನಿಧಾನ ಮಾಡುತ್ತದೆ. ಮರಳಿ ಬರುವ ಹೊತ್ತಿಗೆ ಅಂಕಿ ಸೊನ್ನೆಯನ್ನು ದಾಟಿ -1 ಆಗಿದ್ದರೆ, ‘= 0’ ಎಂಬ ಷರತ್ತು ಎಂದಿಗೂ ನಿಜವಾಗದು, ಟೈಮರ್ ನಿಲ್ಲುವುದೇ ಇಲ್ಲ. ಸುತ್ತಿನಿಂದ ಹೊರಬಂದ ಮೇಲೆ ‘ಉಳಿದ ಸಮಯ’ವನ್ನು ಒಮ್ಮೆ 0 ಮಾಡಿ, ಗಂಟೆಯ ಸದ್ದು ಸೇರಿಸಿ. ‘ಸಮಯ ಮುಗಿಯಿತು’ ಎಂದು ಮಗುವಿನ ದನಿಯಲ್ಲೇ ರೆಕಾರ್ಡ್ ಮಾಡಿಯೂ ಹಾಕಬಹುದು. ಸದ್ದಿನ ಕೆಳಗೆ ‘ಸ್ಟಾಪ್ ಆಲ್’ ಇಡುವುದಾದರೆ ಇಲ್ಲಿ ‘ಪ್ಲೇ ಸೌಂಡ್ ಅಂಟಿಲ್ ಡನ್’ ಬೇಕು. ಇಲ್ಲದಿದ್ದರೆ ಸದ್ದು ಹುಟ್ಟುವಾಗಲೇ ಕತ್ತರಿಸಿಹೋಗುತ್ತದೆ.

ಎಷ್ಟು ಹೊತ್ತು ಎಂದು ಬಳಸುವವರನ್ನೇ ಕೇಳಬಹುದೇ? ಕೇಳಬಹುದು. ‘ಆಸ್ಕ್ ಅಂಡ್ ವೆಯ್ಟ್’ ಬ್ಲಾಕ್ ಪ್ರಶ್ನೆ ಕೇಳುತ್ತದೆ, ಉತ್ತರ ‘ಆನ್ಸರ್’ ಬ್ಲಾಕ್‌ನಲ್ಲಿ ಕೂರುತ್ತದೆ. 30 ಇದ್ದ ಕಡೆಯೆಲ್ಲ ಅದನ್ನು ಇಡಿ. ಆದರೆ ‘ರೀಸೆಟ್ ಟೈಮರ್’ ಪ್ರಶ್ನೆಯ ನಂತರವೇ ಬರಬೇಕು. ಮೊದಲೇ ಇದ್ದರೆ, ಉತ್ತರ ಟೈಪ್ ಮಾಡುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ.

ನಿಮಿಷ ಮತ್ತು ಸೆಕೆಂಡು ಬೇರೆಬೇರೆ ಕಾಣಬೇಕೆ? ಉಳಿದ ಸಮಯವನ್ನು 60ರಿಂದ ಭಾಗಿಸಿ ‘ಫ್ಲೋರ್’ ಒಳಗೆ ಇಟ್ಟರೆ, ದಶಮಾಂಶ ಬಿಟ್ಟು ನಿಮಿಷ ಸಿಗುತ್ತದೆ. ‘ಮಾಡ್’ ಬ್ಲಾಕ್ ಭಾಗಾಕಾರದ ಶೇಷ ಕೊಡುತ್ತದೆ, ಅದು ಸೆಕೆಂಡು. 125 ಉಳಿದಿದ್ದರೆ 2 ನಿಮಿಷ 5 ಸೆಕೆಂಡು. ಭಾಗಲಬ್ಧ, ಶೇಷ ಎಂದು ಬಾಯಿಪಾಠ ಮಾಡಿದ ಮಗುವಿಗೆ ಅವು ಎಲ್ಲಿ ಕೆಲಸಕ್ಕೆ ಬರುತ್ತವೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಆತುರಪಡದೆ ಇಲ್ಲಿ ಸ್ವಲ್ಪ ಹೊತ್ತು ಕೂರಿ.

ಖರ್ಚು ಏನೂ ಇಲ್ಲ. ಸ್ಕ್ರ್ಯಾಚ್ ಪೂರ್ತಿ ಉಚಿತ. ಬ್ರೌಸರ್‌ನಲ್ಲಿ ಸ್ಕ್ರ್ಯಾಚ್ ಡಾಟ್ ಎಂಐಟಿ ಡಾಟ್ ಇಡಿಯು ತಾಣ ತೆರೆದು ‘ಕ್ರಿಯೇಟ್’ ಒತ್ತಿದರೆ ಸಾಕು, ಖಾತೆಯೂ ಬೇಡ. ಮಾಡಿದ್ದನ್ನು ಇತರರಿಗೆ ತೋರಿಸಲು ತಾಣದಲ್ಲೇ ಪ್ರಕಟಿಸಬೇಕಾದರೆ ಮಾತ್ರ ಇಮೇಲ್ ಕೊಟ್ಟು ಖಾತೆ ತೆರೆಯಬೇಕು. ಮೊಬೈಲಿನ ಚಿಕ್ಕ ಪರದೆಯಲ್ಲಿ ಬ್ಲಾಕ್ ಎಳೆಯುವುದು ಕಷ್ಟ. ಕಂಪ್ಯೂಟರ್ ಅಥವಾ ಟ್ಯಾಬ್ಲೆಟ್ ಇರಲಿ. ಮನೆಯಲ್ಲಿ ಇಂಟರ್ನೆಟ್ ಸರಿಯಿಲ್ಲವೇ? ಅದೇ ತಾಣದಲ್ಲಿ ಸ್ಕ್ರ್ಯಾಚ್ ಆ್ಯಪ್ ಸಿಗುತ್ತದೆ. ಒಮ್ಮೆ ಇಳಿಸಿಕೊಂಡರೆ ಆಮೇಲೆ ಸಂಪರ್ಕವಿಲ್ಲದೆಯೂ ನಡೆಯುತ್ತದೆ. ‘ಫೈಲ್’ ಮೆನುವಿನಿಂದ ನಿಮ್ಮ ಟೈಮರನ್ನು ಕಂಪ್ಯೂಟರ್‌ಗೆ ಉಳಿಸಿಕೊಳ್ಳಿ. ಎಸ್‌ಬಿ3 ಎಂಬ ಕಡತವಾಗಿ ಬರುತ್ತದೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಶಾಲೆಗೆ ಒಯ್ದು, ಅಲ್ಲಿಯ ಕಂಪ್ಯೂಟರ್‌ನಲ್ಲಿ ಸ್ಕ್ರ್ಯಾಚ್‌ನ ಮೂರನೇ ಆವೃತ್ತಿ ಇದ್ದರೆ ಹಾಗೆಯೇ ತೆರೆಯಬಹುದು.